ಡೆಬಿಯನ್‌ಗೆ ಕೈಜೋಡಿಸಲೋ, ಮೂಲ ಯೋಜನೆಗೋ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ವಾರಾಂತ್ಯದ ಬಿಡುವನ್ನು ಮುಕ್ತ ತಂತ್ರಾಂಶಕ್ಕೆ ಕೊಡುವ ಆಸೆ. ಡೆಬಿಯನ್ ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಮಾಡುವ ತಂಡ ಸೇರ್ತೀನಿ ಅಂದರೆ ಗೆಳೆಯರು, ‘ಅವರು ಬೇರೆಯವರ ಕೋಡ್ ಪ್ಯಾಕ್ ಮಾಡ್ತಾರೆ ಅಷ್ಟೆ, ಅಪ್‌ಸ್ಟ್ರೀಮ್‌ಗೆ, ಅಂದರೆ ಮೂಲ ಕೋಡ್ ಬರೆಯುವವರ ಹತ್ತಿರವೇ ಹೋಗು’ ಅಂತಾರೆ. ಯಾವುದು ಸರಿ?
– ಓದುಗರೊಬ್ಬರು, ಬನಶಂಕರಿ

ಉತ್ತರ: ‘ಪ್ಯಾಕ್ ಮಾಡ್ತಾರೆ ಅಷ್ಟೆ’ ಅನ್ನುವುದನ್ನು ನಾನು ಒಪ್ಪುವುದಿಲ್ಲ. 1993ರಲ್ಲಿ ಶುರುವಾದ ಡೆಬಿಯನ್ ಇವತ್ತಿಗೂ ನಡೆಯುತ್ತಿರುವುದು ಸ್ವಯಂಸೇವಕರಿಂದ. ಅವರು ಪ್ರತಿ ಪ್ಯಾಕೇಜಿನ ಲೈಸೆನ್ಸ್ ನೋಡುತ್ತಾರೆ. ಸಾವಿರಾರು ತಂತ್ರಾಂಶಗಳು ಒಂದಕ್ಕೊಂದು ಹೊಂದುವಂತೆ ಮಾಡುತ್ತಾರೆ. ಸ್ಟೇಬಲ್‌ನಲ್ಲಿ, ಅಂದರೆ ಎಲ್ಲರ ಬಳಕೆಗೆ ಬಿಡುವ ಸ್ಥಿರ ಬಿಡುಗಡೆಯಲ್ಲಿ, ಸುಮ್ನೆ ಹೊಸ ಆವೃತ್ತಿ ತುರುಕುವುದಿಲ್ಲ, ಸಾಮಾನ್ಯವಾಗಿ ಭದ್ರತೆಯ ತಿದ್ದುಪಡಿಯನ್ನಷ್ಟೇ ಹಳೆಯದಕ್ಕೆ ಕೂರಿಸುತ್ತಾರೆ.

ಈ ನಿಧಾನದ ಬೆಲೆ 2024ರ ಮಾರ್ಚಿನಲ್ಲಿ ಗೊತ್ತಾಯಿತು. ಫೈಲ್ ಕುಗ್ಗಿಸುವ ಎಕ್ಸ್‌ಜೆಡ್ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಬ್ಯಾಕ್‌ಡೋರ್, ಅಂದರೆ ಕದ್ದು ಒಳನುಗ್ಗುವ ದಾರಿ, ಸಿಕ್ಕಿತು. ಅದನ್ನು ಸೇರಿಸಿದ್ದು ಅಪ್‌ಸ್ಟ್ರೀಮ್‌ನಲ್ಲೇ ನಂಬಿಕೆ ಗಳಿಸಿ ಒಳಗೆ ಬಂದವರು. ದೂರದ ಕಂಪ್ಯೂಟರಿಗೆ ಹೊಕ್ಕುವ ಎಸ್‌ಎಸ್‌ಎಚ್ ಲಾಗಿನ್ ಯಾಕೋ ನಿಧಾನ ಆಗ್ತಿದೆಯಲ್ಲ ಅಂತ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್ ಕೆದಕಿ ನೋಡಿದ್ದು ಹೊಸ ಆವೃತ್ತಿಗಳು ಮೊದಲು ಬರುವ, ಡೆಬಿಯನ್‌ನ ಅನ್‌ಸ್ಟೇಬಲ್ ಶಾಖೆಯಲ್ಲಿ. ಸ್ಟೇಬಲ್‌ಗೆ ಅದು ತಲುಪಿರಲೇ ಇಲ್ಲ.

ಹಾಗಂತ ಡಿಸ್ಟ್ರೋದವರು, ಅಂದರೆ ಡೆಬಿಯನ್‌ನಂಥ ಲಿನಕ್ಸ್ ವಿತರಣೆಯವರು, ತಮ್ಮ ಪಾಡಿಗೆ ತಾವು ತಿದ್ದಿಕೊಳ್ಳುತ್ತಾ ಹೋದರೂ ಅಪಾಯವೇ. 2006ರಲ್ಲಿ ಡೆಬಿಯನ್ ಗೂಢಲಿಪೀಕರಣಕ್ಕೆ ಬಳಸುವ ತನ್ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿಗೆ ಒಂದು ಪ್ಯಾಚ್, ಅಂದರೆ ತಿದ್ದುಪಡಿ, ಹಾಕಿತು. ಮೂಲ ಯೋಜನೆಯಲ್ಲಿ ಅದು ಇರಲಿಲ್ಲ. ಆ ಬದಲಾವಣೆಯಿಂದ, 2008ರ ಮೇ ತಿಂಗಳಲ್ಲಿ ತಪ್ಪು ಬೆಳಕಿಗೆ ಬರುವವರೆಗೆ ಅಲ್ಲಿ ತಯಾರಾದ ಎಸ್‌ಎಸ್‌ಎಚ್ ಕೀಗಳನ್ನು ಸುಲಭವಾಗಿ ಊಹಿಸಬಹುದಾಗಿತ್ತು. ಡೆಬಿಯನ್ ಆಧರಿಸಿದ ಉಬುಂಟುವಿಗೂ ಅದೇ ಗತಿ ಆಯಿತು.

ನಿಮಗೆ ನನ್ನ ಸಲಹೆ: ಡೆಬಿಯನ್‌ನಿಂದಲೇ ಶುರು ಮಾಡಿ, ಅದರಲ್ಲೂ ಕನ್ನಡದಿಂದ. ಗುಬ್ಬಿ, ನವಿಲು ಫಾಂಟ್‌ಗಳ ಪ್ಯಾಕೇಜ್ ಅಲ್ಲಿವೆ. ಎಲ್ಲೋ ಒತ್ತಕ್ಷರ ಸರಿಯಾಗಿ ಕೂರಲಿಲ್ಲ ಅಂದುಕೊಳ್ಳಿ. ಬಳಸುವವರು ಮೊದಲು ದೂರುವುದು ಡಿಸ್ಟ್ರೋವನ್ನೇ, ಅಲ್ವಾ? ತಪ್ಪು ಫಾಂಟಿನದೋ, ಅಕ್ಷರ ಜೋಡಿಸುವ ಹಾರ್ಫ್‌ಬಜ್‌ನದೋ ಅಂತ ಪತ್ತೆಯಾದರೆ ಅರ್ಧ ಕೆಲಸ ಆದಂತೆ. ಕನ್ನಡ ಓದಲು ಬಾರದವರಿಗೆ ಇದು ಬಲು ಕಷ್ಟ. ಹಾಗಾಗಿಯೇ ನಿಮ್ಮಂಥವರು ಬೇಕು ಅಂತ ನಾನು ಒತ್ತಿ ಹೇಳುವುದು.

ಆದರೆ ತಿದ್ದಿದ್ದನ್ನು ಡೆಬಿಯನ್ ಒಳಗೇ ಇಟ್ಟುಕೊಳ್ಳಬೇಡಿ, ಅಪ್‌ಸ್ಟ್ರೀಮ್‌ಗೆ ಕಳಿಸಿ. ಹಾರ್ಫ್‌ಬಜ್‌ನಲ್ಲಿ ಸರಿಹೋದರೆ ಅದನ್ನು ಬಳಸುವ ಫೈರ್‌ಫಾಕ್ಸ್, ಲಿಬ್ರೆಆಫೀಸ್, ಆಂಡ್ರಾಯ್ಡ್ ಎಲ್ಲಕ್ಕೂ ಆ ತಿದ್ದುಪಡಿ ಮುಂದೆ ಸಿಗುತ್ತದೆ. ಶುರು ಮಾಡಲು ಡೆಬಿಯನ್ ಸದಸ್ಯತ್ವ ಬೇಕಿಲ್ಲ. ‘ರಿಪೋರ್ಟ್‌ಬಗ್’ ಅನ್ನುವ ಟೂಲ್ ಇದೆ, ಈ ವಾರಾಂತ್ಯವೇ ಒಂದು ಬಗ್ ದಾಖಲಿಸಬಹುದು.