ಎರಡೂ ಏಳು ಕೆಜಿ ಎತ್ತುವ ರೋಬೋಟ್ ಕೈಗಳೇ, ಯಾವುದನ್ನು ತರೋದು?

ಪ್ರಶ್ನೆ: ಸಿಎನ್‌ಸಿ ಲೇತ್‌ಗೆ (ಕಂಪ್ಯೂಟರ್ ನಡೆಸುವ ಕಡೆಯುವ ಯಂತ್ರ) ಜಾಬ್ (ಕಡೆಯಬೇಕಾದ ತುಂಡು) ಹಾಕಿ ತೆಗೆಯಲು ರೋಬೋಟ್ ಕೈ ಬೇಕು. ಫಾನುಕ್ ಎಲ್‌ಆರ್ ಮೇಟ್ 200ಐಡಿ, ಎಬಿಬಿ ಐಆರ್‌ಬಿ 1200 ನೋಡಿದ್ದೇವೆ. ಎರಡಕ್ಕೂ ಆರು ಆಕ್ಸಿಸ್ (ತಿರುಗುವ ಕೀಲು), ಪೇಲೋಡ್ (ಹೊರಬಲ್ಲ ತೂಕ) 7 ಕೆಜಿ. ರೀಚ್ (ಕೈ ಚಾಚುವ ದೂರ) ಒಂದರದ್ದು 717 ಮಿಮೀ, ಇನ್ನೊಂದರದ್ದು 703. ನಮ್ಮ ಜಾಬ್ 2.5 ಕೆಜಿ ಅಷ್ಟೇ. ರಿಪೀಟಬಿಲಿಟಿ ನೋಡಿ ಆರಿಸಿದರೆ ಸಾಕಲ್ವಾ?

ಉತ್ತರ: ಸಾಲದು. ರಿಪೀಟಬಿಲಿಟಿ ಅಂದರೆ ಕಲಿಸಿದ ಜಾಗಕ್ಕೆ ಕೈ ಪ್ರತಿ ಸಲವೂ ಎಷ್ಟು ಹತ್ತಿರ ವಾಪಸ್ ಬರುತ್ತದೆ ಅನ್ನೋದು. ನಿಮ್ಮ ಕೆಲಸದಲ್ಲಿ ಕೊನೆಗೆ ಜಾಬನ್ನು ಹಿಡಿದು ನಡುವಿಗೆ ತರುವುದು ಚಕ್, ಅಂದರೆ ಲೇತ್‌ನ ಹಿಡಿತ. ಹಾಗಾಗಿ 0.01 ಮಿಮೀ, 0.02 ಮಿಮೀ ಅಂತ ತಲೆ ಕೆಡಿಸಿಕೊಳ್ಳಬೇಡಿ.

ನನಗೆ ಚಿಂತೆ ಇರುವುದು ಆ "2.5 ಕೆಜಿ ಅಷ್ಟೇ" ಅನ್ನೋ ಮಾತಿನ ಬಗ್ಗೆ. ಪೇಲೋಡ್‌ನಲ್ಲಿ ಗ್ರಿಪ್ಪರ್ (ಕೈಯ ತುದಿಯಲ್ಲಿ ಜಾಬ್ ಹಿಡಿಯುವ ಸಾಧನ) ತೂಕವೂ ಸೇರಿದೆ. ಲೇತ್ ಸುಮ್ನೆ ಕಾಯಬಾರದು ಅಂತ ಸಾಮಾನ್ಯವಾಗಿ ಜೋಡಿ ಗ್ರಿಪ್ಪರ್ ಹಾಕುತ್ತಾರೆ. ಒಂದು ಮುಗಿದ ಜಾಬನ್ನು ತೆಗೆಯುತ್ತದೆ, ಮಣಿಕಟ್ಟು ತಿರುಗುತ್ತದೆ, ಇನ್ನೊಂದು ಹೊಸದನ್ನು ಹಾಕುತ್ತದೆ. ಅಂದರೆ ಒಂದು ಕ್ಷಣ ಎರಡು ಜಾಬೂ ಕೈಯಲ್ಲೇ ಇರುತ್ತವೆ. ಆಗಲೇ ಹತ್ತಿರ ಹತ್ತಿರ 5 ಕೆಜಿ ಆಯ್ತು, ಗ್ರಿಪ್ಪರ್ 2 ಕೆಜಿ ಇದ್ದರೆ 7 ಮುಟ್ಟಿತು! ಅದೂ ಆ ತೂಕ ಮಣಿಕಟ್ಟಿಗೆ ಅಂಟಿಕೊಂಡಿರುವುದಿಲ್ಲ, ಆಚೆ ಚಾಚಿಕೊಂಡಿರುತ್ತದೆ. ತುಂಬಿದ ಕೊಡವನ್ನು ಸೊಂಟದ ಮೇಲೆ ಹೊರುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ವ್ಯತ್ಯಾಸ ಇಲ್ವಾ, ಹಾಗೆ. ಎರಡೂ ಕಂಪನಿಗೆ ಗ್ರಿಪ್ಪರ್ ಡ್ರಾಯಿಂಗ್ ಕೊಟ್ಟು, ಮಣಿಕಟ್ಟಿನ ಮೊಮೆಂಟ್ (ಚಾಚಿದ ತೂಕ ತಿರುಚುವ ಬಲ), ಇನರ್ಷಿಯಾ (ತಿರುಗಿಸಲು, ನಿಲ್ಲಿಸಲು ಆ ತೂಕ ಒಡ್ಡುವ ತಡೆ) ಮಿತಿಯೊಳಗಿದೆಯಾ ಅಂತ ಲೆಕ್ಕ ಹಾಕಿಸಿ. ನನ್ನನ್ನು ಕೇಳಿದರೆ ಜೋಡಿ ಗ್ರಿಪ್ಪರ್‌ಗೆ ಈ ಎರಡೂ ಬೇಡ, 10 ಕೆಜಿ ಮೇಲಿನದ್ದನ್ನೇ ನೋಡಿ.

ರೀಚ್‌ನಲ್ಲಿ 14 ಮಿಮೀ ಹೆಚ್ಚು ಕಡಿಮೆ ಇದ್ದರೆ ಏನೂ ಆಗಲ್ಲ. ಆದರೆ ಲೇತ್ ಬಾಗಿಲಿನಿಂದ ಚಕ್‌ವರೆಗೆ ಮೊಣಕೈ ಎಲ್ಲೂ ತಗುಲದೆ ಹೋಗುತ್ತದೆಯಾ ಅನ್ನೋದನ್ನು ಸಿಮ್ಯುಲೇಶನ್‌ನಲ್ಲಿ ತೋರಿಸಲು ಹೇಳಿ. ಒಳಗೆ ಕೂಲಂಟ್ (ಕಡೆಯುವಾಗ ತಂಪು ಮಾಡುವ ದ್ರವ) ಹಾರುತ್ತದೆ. ಒಂದೇ ಹೆಸರಿನ ಕೈಗೂ ಬೇರೆ ಬೇರೆ ದರ್ಜೆಯ ರಕ್ಷಣೆ ಇರಬಹುದು, ಕೊಟೇಶನ್‌ನಲ್ಲಿ ಐಪಿ67 (ಧೂಳು, ನೀರು ಒಳಹೋಗದಂತೆ ಇರುವ ರಕ್ಷಣೆಯ ದರ್ಜೆ) ಅಂತ ಬರೆಸಿಕೊಳ್ಳಿ. ಅದನ್ನು ಪರೀಕ್ಷಿಸುವುದು ನೀರಿನಲ್ಲಿ, ಕೂಲಂಟ್‌ನಲ್ಲಲ್ಲ, ಹಾಗಾಗಿ ನಿಮ್ಮ ಕೂಲಂಟ್ ಯಾವುದು ಅಂತಲೂ ಹೇಳಿ ಕೇಳಿ.

ಇಷ್ಟಾದ ಮೇಲೂ ಎರಡೂ ಸಮ ಬಂದರೆ ನಿಮ್ಮ ಹುಡುಗರನ್ನು ಕೇಳಿ. ಎಬಿಬಿಗೆ ರ್‍ಯಾಪಿಡ್ ಭಾಷೆ, ಫಾನುಕ್‌ಗೆ ಟಿಪಿ. ಒಂದರ ಪ್ರೋಗ್ರಾಂ ಇನ್ನೊಂದರಲ್ಲಿ ಓಡಲ್ಲ. ಯಾವುದರ ಪೆಂಡೆಂಟ್ (ಹಿಡಿದುಕೊಂಡು ರೋಬೋಟ್‌ಗೆ ಕಲಿಸುವ ಪೆಟ್ಟಿಗೆ) ಅವರ ಕೈಗೆ ಒಗ್ಗಿದೆಯೋ ಅದೇ ಮೇಲು. ನಾನು ಹಿಂದೆ ಇದ್ದ ಕಡೆ ರಜೆಗೆ ಪವರ್ ಆಫ್ ಮಾಡಿ ಹೋಗಿದ್ದೆವು, ವಾಪಸ್ ಬರುವಷ್ಟರಲ್ಲಿ ಎನ್‌ಕೋಡರ್ (ಕೀಲು ಎಷ್ಟು ತಿರುಗಿದೆ ಅಂತ ಅಳೆಯುವ ಸಾಧನ) ಬ್ಯಾಟರಿ ಸತ್ತು ಕೈಗೆ ತಾನು ಎಲ್ಲಿದ್ದೇನೆ ಅನ್ನೋದೇ ಮರೆತುಹೋಗಿತ್ತು. ಮಾಸ್ಟರಿಂಗ್ (ಕೀಲುಗಳ ಸೊನ್ನೆ ಜಾಗವನ್ನು ಮತ್ತೆ ಹೇಳಿಕೊಡುವುದು) ಮಾಡಲು ಯಾರಿಗೂ ಬರುತ್ತಿರಲಿಲ್ಲ, ಎಲ್ಲರೂ ಎರಡು ದಿನ ಟೀ ಕುಡಿದುಕೊಂಡು ಕೂತೆವು.

ಪ್ರಶ್ನೆ: ಕೋಬೋಟ್ (ಜನರ ಪಕ್ಕದಲ್ಲೇ ಕೆಲಸ ಮಾಡುವಂಥ ರೋಬೋಟ್) ತಂದರೆ ಬೇಲಿ ಬೇಡ ತಾನೆ?

ಉತ್ತರ: ಕೈ ಮೆತ್ತಗೆ ಮುಟ್ಟಿ ನಿಲ್ಲಬಹುದು, ಆದರೆ ಅದು ಹಿಡಿದ ಜಾಬ್‌ನ ಅಂಚು ಚಾಕುವಿನಂತಿದ್ದರೆ? ಗ್ರಿಪ್ಪರ್, ಜಾಬ್, ವೇಗ ಎಲ್ಲ ಸೇರಿಸಿ ಅಪಾಯ ಎಷ್ಟು ಅಂತ ಅಳೆದ ಮೇಲೆಯೇ ಬೇಲಿಯ ಮಾತು.