ಮುಗಿದ ಪ್ರದರ್ಶನದ ಸಾಮಾನೆಲ್ಲ ಎಲ್ಲಿಗೆ ಹೋಗುತ್ತೆ?

ಪ್ರಶ್ನೆ: ಮಗಳ ಮನೆಗೆಂದು ಲಂಡನ್‌ಗೆ ಹೋದಾಗ ಟೇಟ್ ಮಾಡರ್ನ್ ಮ್ಯೂಸಿಯಂ ನೋಡಿದೆವು. ಒಳಗೆ ಕಾಲಿಟ್ಟರೆ ಭಾರೀ ದೊಡ್ಡ ಹಾಲ್, ಪೂರ್ತಿ ಖಾಲಿ! ‘ಹಿಂದೆ ಇಲ್ಲಿ ಏನೇನೆಲ್ಲ ಇತ್ತು ಗೊತ್ತಾ ಅತ್ತೆ’ ಎಂದರು ಅಳಿಯ. ಅಂಥದ್ದೇನಿತ್ತು? ಅದೆಲ್ಲ ಈಗ ಎಲ್ಲಿದೆ?
– ಓದುಗರೊಬ್ಬರು, ತುಮಕೂರು

ಉತ್ತರ: ಒಂದು ಪ್ರದರ್ಶನ ಬಿಚ್ಚಿ ಇನ್ನೊಂದು ಕಟ್ಟುವ ನಡುವಿನ ದಿನಗಳಲ್ಲಿ ನೀವು ಹೋಗಿರಬೇಕು. ಅದು ಮೊದಲು ಥೇಮ್ಸ್ ನದಿ ದಡದ ವಿದ್ಯುತ್ ಸ್ಥಾವರ. ನೀವು ನಿಂತಿದ್ದು ಟರ್ಬೈನ್‌ಗಳಿದ್ದ ಜಾಗ, ಅದಕ್ಕೇ ಈಗಲೂ ಟರ್ಬೈನ್ ಹಾಲ್ ಅಂತಲೇ ಕರೆಯುತ್ತಾರೆ. 2000ದಲ್ಲಿ ಮ್ಯೂಸಿಯಂ ಶುರುವಾದಾಗಿನಿಂದ ಕಲಾವಿದರೊಬ್ಬರನ್ನು ಕರೆದು, ಕೆಲವು ತಿಂಗಳ ಮಟ್ಟಿಗೆ ಇಡೀ ಹಾಲನ್ನೇ ಅವರ ಕೈಗೆ ಕೊಟ್ಟು, ಇಲ್ಲಿ ಏನಾದರೂ ಮಾಡಿ ಎನ್ನುವುದು ಅಲ್ಲಿನ ರೂಢಿ.

ನಿಮ್ಮ ಅಳಿಯ ಹೇಳಿದ್ದು 2003ರ ಸೂರ್ಯನ ಬಗ್ಗೆಯೂ ಇರಬಹುದು. ಓಲಾಫರ್ ಎಲಿಯಾಸನ್ ಎಂಬ ಕಲಾವಿದ ಹಾಲ್‌ನ ತುದಿಯಲ್ಲಿ ಹಳದಿ ದೀಪಗಳ ಅರ್ಧಚಂದ್ರ ಕಟ್ಟಿ, ಚಾವಣಿಗೆ ಪೂರ್ತಿ ಕನ್ನಡಿ ಹಾಕಿಸಿದರು. ಅರ್ಧಕ್ಕೆ ಅದರ ಪ್ರತಿಬಿಂಬ ಸೇರಿ ಇಡೀ ಸೂರ್ಯ! ಸಾಲದ್ದಕ್ಕೆ ತೆಳ್ಳಗೆ ಮಂಜು ಬೇರೆ. ಜನ ಏನು ಮಾಡಿದರು ಗೊತ್ತಾ? ನೆಲದ ಮೇಲೆ ಅಂಗಾತ ಮಲಗಿ, ಮೇಲಿನ ಕನ್ನಡಿಯಲ್ಲಿ ತಮ್ಮನ್ನೇ ಹುಡುಕುತ್ತಾ, ಕೈಕಾಲು ಆಡಿಸುತ್ತಾ, ಗುಂಪು ಸೇರಿ ಅಕ್ಷರಗಳ ಆಕಾರದಲ್ಲಿ ಮಲಗುತ್ತಾ ಗಂಟೆಗಟ್ಟಲೆ ಕಳೆದರು. ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಜನ ಬಂದು ಹೋದರು. ಮುಗಿದ ಮೇಲೆ ಎಲ್ಲ ಬಿಚ್ಚಿದರು. ನೆಲದ ಮೇಲೆ ಮಲಗಿದ್ದ ಜನವೇ ಅದರ ಅರ್ಧ ಭಾಗ, ಅದನ್ನು ಯಾವ ಗೋಡೌನ್‌ನಲ್ಲಿ ಇಡುವುದು ಹೇಳಿ?

ಆದರೆ ಹಾಲ್ ಪೂರ್ತಿ ಖಾಲಿ ಅಂದಿರಲ್ಲ, ಅದನ್ನು ಮಾತ್ರ ನಾನು ಒಪ್ಪಲ್ಲ. ಮುಂದಿನ ಸಲ ಹೋದಾಗ ನೆಲ ನೋಡಿ. ಸಿಮೆಂಟ್ ಹಾಕಿ ಮುಚ್ಚಿದ ಒಂದು ಉದ್ದನೆಯ ಗೆರೆ ಅಂಕುಡೊಂಕಾಗಿ ಹೋಗಿರುವುದು ಕಾಣುತ್ತೆ. ಅದು 2007ರ ಪ್ರದರ್ಶನ. ಕೊಲಂಬಿಯಾದ ಡೋರಿಸ್ ಸಾಲ್ಸೆಡೊ ನೆಲವನ್ನೇ ಸೀಳಿದ್ದರು. ಒಂದು ಕಡೆ ಕೂದಲೆಳೆಯಷ್ಟು ಸಣ್ಣದಾಗಿ ಶುರುವಾದ ಬಿರುಕು ಹೋಗ್ತಾ ಹೋಗ್ತಾ ಅಗಲವಾಗಿ, 167 ಮೀಟರ್ ಓಡಿತ್ತು. ಬಗ್ಗಿ ನೋಡಿದರೆ ಒಳಗಿನ ಕಾಂಕ್ರೀಟ್‌ನಲ್ಲಿ ತಂತಿ ಬಲೆ ಕಾಣುತ್ತಿತ್ತು, ಗಡಿ ಬೇಲಿಗೆ ಹಾಕುವಂಥದ್ದು. ಹೊರಗಿನಿಂದ ಬಂದವರನ್ನು ಯುರೋಪ್ ಹೇಗೆ ಆಚೆಗಿಡುತ್ತದೆ ಎನ್ನುವುದೇ ಅವರ ವಿಷಯ. ಎಚ್ಚರಿಕೆ ಕೊಟ್ಟರೂ ಕೆಲವರು ಕಾಲು ಸಿಕ್ಕಿಸಿಕೊಂಡು ಸಣ್ಣಪುಟ್ಟ ಗಾಯ ಮಾಡಿಕೊಂಡರು. 2008ರಲ್ಲಿ ಬಿರುಕು ಮುಚ್ಚಿದರು, ಗುರುತು ಮಾತ್ರ ಹೋಗಲಿಲ್ಲ. ಆ ಹಾಲ್‌ನಲ್ಲಿ ಆದದ್ದರಲ್ಲೆಲ್ಲ ನನಗೆ ಇದೇ ಒಂದು ತೂಕ ಜಾಸ್ತಿ.

ಪ್ರಶ್ನೆ: ಅದೇ ಮ್ಯೂಸಿಯಂನಲ್ಲಿ ಸೂರ್ಯಕಾಂತಿ ಬೀಜ ರಾಶಿ ಹಾಕಿ ಕಲೆ ಅಂದರಂತೆ. ನಮ್ಮ ಎಪಿಎಂಸಿ ಯಾರ್ಡ್‌ಗೆ ಬಂದರೆ ಬಿಟ್ಟಿಯಾಗಿ ನೋಡಬಹುದು. ಜನರನ್ನು ಮಂಗ ಮಾಡೋದಕ್ಕೂ ಒಂದು ಮಿತಿ ಬೇಡವೇ?
– ರೈತರೊಬ್ಬರು, ಕೊಪ್ಪಳ

ಉತ್ತರ: ಯಜಮಾನರೇ, ಅಲ್ಲಿದ್ದದ್ದರಲ್ಲಿ ಒಂದು ಬೀಜವೂ ಬಿತ್ತಿದರೆ ಮೊಳೆಯುತ್ತಿರಲಿಲ್ಲ! ಅಷ್ಟೂ ಪಿಂಗಾಣಿ. ಚೀನಾದ ಐ ವೇವೇ 2010ರಲ್ಲಿ ಮಾಡಿಸಿದ್ದು. ಹಿಂದೆ ಚಕ್ರವರ್ತಿಗಳ ಅರಮನೆಗೆ ಪಿಂಗಾಣಿ ಮಾಡಿಕೊಡುತ್ತಿದ್ದ ಜಿಂಗ್‌ಡೆಜೆನ್ ಎಂಬ ಊರಿನಲ್ಲಿ, ಸುಮಾರು 1,600 ಜನ ಕೂತು, ಒಂದೊಂದು ಬೀಜದ ಮೇಲೂ ಕುಂಚದಲ್ಲಿ ಕಪ್ಪು ಗೆರೆ ಎಳೆದು ಸುಟ್ಟರು. ಒಟ್ಟು ಹತ್ತು ಕೋಟಿ ಬೀಜ, ತೂಕ 150 ಟನ್. ದೂರದಿಂದ ನೋಡಿದರೆ ಬೂದುಬಣ್ಣದ ರಾಶಿ. ಒಂದನ್ನು ಬೆರಳಲ್ಲಿ ಹಿಡಿದರೆ ಯಾರೋ ಒಬ್ಬರ ಕೈಕೆಲಸ. ‘ಮೇಡ್ ಇನ್ ಚೈನಾ’ ಅಂತ ನಾವು ಸುಮ್ನೆ ಮೂಗು ಮುರಿಯುವ ಸಾಮಾನಿನ ಹಿಂದೆ ಎಷ್ಟು ಕೈಗಳಿವೆ ಅಂತ ಇಷ್ಟು ಚೆನ್ನಾಗಿ ತೋರಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಮಾವೋ ಕಾಲದ ಪೋಸ್ಟರ್‌ಗಳಲ್ಲಿ ಮಾವೋ ಸೂರ್ಯ, ಜನ ಅವನತ್ತ ತಿರುಗುವ ಸೂರ್ಯಕಾಂತಿ. ಆ ಲೆಕ್ಕವೂ ಇದರಲ್ಲಿ ಸೇರಿದೆ.

ಮೊದಮೊದಲು ಜನ ಅದರ ಮೇಲೆ ನಡೆದಾಡಬಹುದಿತ್ತು. ಕೆಲವೇ ದಿನಗಳಲ್ಲಿ ಪಿಂಗಾಣಿ ಧೂಳು ಏಳುತ್ತಿದೆ, ಉಸಿರಿಗೆ ಒಳ್ಳೆಯದಲ್ಲ ಅಂತ ಅದನ್ನು ನಿಲ್ಲಿಸಿದರು. ಪ್ರದರ್ಶನ ಇನ್ನೂ ನಡೆಯುತ್ತಿರುವಾಗಲೇ, 2011ರ ಏಪ್ರಿಲ್‌ನಲ್ಲಿ, ಚೀನಾ ಸರ್ಕಾರ ಐ ವೇವೇಯನ್ನು ಹಿಡಿದು ಕೂರಿಸಿತು. ಅವರನ್ನು ಬಿಟ್ಟುಬಿಡಿ ಅಂತ ಮ್ಯೂಸಿಯಂ ತನ್ನ ಕಟ್ಟಡದ ಮೇಲೆಯೇ ದೊಡ್ಡದಾಗಿ ಬರೆಸಿತು. ಆಮೇಲೆ ಹತ್ತು ಟನ್, ಅಂದರೆ ಸುಮಾರು ಎಂಬತ್ತು ಲಕ್ಷ ಬೀಜ, ಟೇಟ್ ಸಂಗ್ರಹಕ್ಕೆ ಸೇರಿತು. ಇಷ್ಟಾಗಿಯೂ ನಿಮಗೆ ಮಂಗ ಮಾಡಿದ್ದು ಅಂತಲೇ ಅನ್ನಿಸಿದರೆ ನನ್ನ ತಕರಾರಿಲ್ಲ.

ಪ್ರಶ್ನೆ: ನಮ್ಮ ಕಡೆಯವರದ್ದೇನಾದರೂ ಅಲ್ಲಿ ಇದೆಯಾ?
– ವಿದ್ಯಾರ್ಥಿನಿ, ಭದ್ರಾವತಿ

ಉತ್ತರ: ನಿಮ್ಮೂರಿನವರದ್ದೇ ಇದೆಯಲ್ಲ! ಶೀಲಾ ಗೌಡ ಹುಟ್ಟಿದ್ದು ಭದ್ರಾವತಿಯಲ್ಲಿ, ಕೆಲಸ ಮಾಡುವುದು ಬೆಂಗಳೂರಿನಲ್ಲಿ. ಲಾರಿ, ಕಾರಿನ ಬಂಪರ್‌ಗೆ ದೃಷ್ಟಿ ತಾಗದಿರಲಿ ಅಂತ ಕಟ್ಟುವ ಕೂದಲ ಹಗ್ಗ ನೋಡಿರುತ್ತೀರಿ. ಅಂಥ ಹಗ್ಗವನ್ನು ಸುಮಾರು ನಾಲ್ಕು ಕಿಲೋಮೀಟರ್‌ನಷ್ಟು ತಂದು, ಅದರಲ್ಲೇ ಇಪ್ಪತ್ತು ಸ್ಟೀಲ್ ಬಂಪರ್‌ಗಳನ್ನು ಗೋಡೆಗೆ ತೂಗುಹಾಕಿ, ಉಳಿದದ್ದನ್ನು ನೆಲದ ಮೇಲೆ ಸುರುಳಿ ಸುರುಳಿಯಾಗಿ ಬಿಟ್ಟಿದ್ದಾರೆ. ದೇವಸ್ಥಾನದಲ್ಲಿ ಮುಡಿ ಕೊಟ್ಟ ಕೂದಲು ಅಷ್ಟು ಭಾರದ ಕಬ್ಬಿಣ ಹೊತ್ತು ನಿಂತಿರುತ್ತೆ. ಹೆಸರು ‘ಬಿಹೋಲ್ಡ್’. 2009ರಲ್ಲಿ ಇಟಲಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಪ್ರದರ್ಶನ ವೆನಿಸ್ ಬಿಯೆನಾಲೆಯಲ್ಲಿತ್ತು, ಆಮೇಲೆ ಟೇಟ್ ಕೊಂಡುಕೊಂಡಿತು. ಆದರೆ ಯಾವಾಗ ಹೋದರೂ ಕಾಣುತ್ತೆ ಅಂದುಕೊಳ್ಳಬೇಡಿ. ಮ್ಯೂಸಿಯಂಗಳ ಸಂಗ್ರಹ ಜಾಸ್ತಿ ಪಾಲು ಉಗ್ರಾಣದಲ್ಲೇ ಇರುತ್ತೆ, ಸರದಿ ಮೇಲೆ ಹೊರಗೆ ತರುತ್ತಾರೆ. ಹೊರಡುವ ಮೊದಲು ಕೇಳಿ ತಿಳಿದುಕೊಳ್ಳಿ.