ಭಾಷೆ ಬರದೆ, ಸಸ್ಯಾಹಾರಿಯಾಗಿ ಚೀನಾ ಸುತ್ತಬಹುದಾ?

"ಚೀನೀ ಭಾಷೆ ಒಂದಕ್ಷರ ಬರಲ್ಲ, ಮಾಂಸ ತಿನ್ನಲ್ಲ, ಒಬ್ಬನೇ ಹೋಗಿ ಬರಬಹುದಾ?" ಅಂತ ಕೇಳಿದ್ದೀರಿ. ಧಾರಾಳವಾಗಿ ಹೋಗಬಹುದು. ಭಾಷೆಗೆ ಹೆದರಬೇಡಿ, ಫೋನಿನ ಚಾರ್ಜ್ ಮುಗಿಯುವುದಕ್ಕೆ ಹೆದರಿ. ಮಾತಿನ ಅನುವಾದ, ಹಣ ಕೊಡುವುದು ಎಲ್ಲ ಅದರಲ್ಲೇ.

ನಾನು ಬೀಜಿಂಗ್, ಶಿಆನ್, ಗ್ವಿಲಿನ್ ಕಡೆ ಎರಡು ವಾರ ಸುತ್ತಿದೆ. ನಗರಗಳಲ್ಲಿ ಬೀದಿಬದಿ ಗೆಣಸು ಸುಡುವ ಅಜ್ಜಿಯ ಗಾಡಿಗೂ ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ. ಹೊರಡುವ ಮೊದಲೇ ಅಲಿಪೇ ಅನ್ನೋ ಹಣ ಪಾವತಿಯ ಆ್ಯಪ್‌ಗೆ ನಿಮ್ಮ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಬ್ಯಾಂಕ್ ಕಾರ್ಡ್ ಜೋಡಿಸಿಡಿ. ಒಂದು ಸಲದ ಪಾವತಿ 200 ಯುವಾನ್ ದಾಟಿದರೆ 3% ಶುಲ್ಕ ಬೀಳುತ್ತದೆ. ಅಲ್ಲಿನ ವೈಫೈನಲ್ಲಿ ಗೂಗಲ್, ವಾಟ್ಸಾಪ್ ತೆರೆಯುವುದಿಲ್ಲ, ನಮ್ಮ ಸಿಮ್‌ನ ರೋಮಿಂಗ್‌ನಲ್ಲಿ ತೆರೆಯುತ್ತವೆ. ಪವರ್ ಬ್ಯಾಂಕ್ ಒಯ್ಯುವಾಗ ಒಂದು ವಿಷಯ: ಚೀನಾದ ಒಳಗಿನ ವಿಮಾನಗಳಲ್ಲಿ 2025ರ ಜೂನ್ 28ರಿಂದ '3ಸಿ' ಅನ್ನೋ ಚೀನಾದ ಸುರಕ್ಷತಾ ಗುರುತು ಇಲ್ಲದ್ದನ್ನು ಬಿಡುವುದಿಲ್ಲ. ರೈಲಿಗೆ ಬುಕ್ ಮಾಡಿದ ಮೇಲೆ ನಿಮ್ಮ ಪಾಸ್‌ಪೋರ್ಟೇ ಟಿಕೆಟ್. ಗೇಟಿನ ಯಂತ್ರ ಅದನ್ನು ಓದದಿದ್ದರೆ ಸಿಬ್ಬಂದಿ ನಿಂತಿರುವ ಕಡೆ ಹೋಗಿ ತೋರಿಸಿ.

ನಿಜವಾದ ಪಾಡು ಊಟದ್ದು. "ವೊ ಚೀ ಸೂ" ಅಂದರೆ ನಾನು ಸಸ್ಯಾಹಾರಿ ಅಂತ. ಅಷ್ಟೇ ಹೇಳಿದರೆ ಸಾಲದು. ನೋಡಲು ಬರೀ ಸೊಪ್ಪಿನ ಪಲ್ಯ, ಹುರಿದಿರುವುದು ಹಂದಿಕೊಬ್ಬಿನಲ್ಲಿ! ಹಂದಿಕೊಬ್ಬು ಬೇಡ, ಕೊಚ್ಚಿದ ಮಾಂಸ ಬೇಡ, ಸಿಂಪಿ (ಆಯ್‌ಸ್ಟರ್) ಸಾಸ್ ಬೇಡ ಅಂತ ಚೀನೀ ಲಿಪಿಯಲ್ಲಿ ಬರೆಸಿಟ್ಟುಕೊಳ್ಳಿ. ದೊಡ್ಡ ಊರಲ್ಲಿ ಬೌದ್ಧ ದೇವಸ್ಥಾನದ ಅಕ್ಕಪಕ್ಕ ಹುಡುಕಿ, ಸಸ್ಯಾಹಾರಿ ಹೋಟೆಲ್ ಸಿಗುತ್ತದೆ. ಕೆಲವು ಕಡೆ ಈರುಳ್ಳಿ, ಬೆಳ್ಳುಳ್ಳಿಯೂ ಹಾಕುವುದಿಲ್ಲ, ಥೇಟ್ ನಮ್ಮ ಮಠದ ಅಡುಗೆ.

ಹಳ್ಳಿ ಅಂದರೆ ನಾನು ಕಂಡದ್ದು ಗ್ವಿಲಿನ್ ಹತ್ತಿರದ ಲಾಂಗ್‌ಜಿ. ಗುಡ್ಡದ ತುಂಬಾ ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದೆ. ಅಲ್ಲಿನ ಪಿಂಗ್‌ಆನ್ ಊರಿನೊಳಗೆ ಕಾರು ಬರಲ್ಲ, ಕಲ್ಲಿನ ಮೆಟ್ಟಿಲು ಹತ್ತಬೇಕು. ಬುಟ್ಟಿಯಲ್ಲಿ ಬ್ಯಾಗ್ ಹೊತ್ತು ತರುವ ಹೆಂಗಸರಿದ್ದಾರೆ. ಒಬ್ಬ ಅಜ್ಜಿ ಹೆಬ್ಬೆರಳು, ಕಿರುಬೆರಳು ಚಾಚಿ ತೋರಿಸಿದರು. ಫೋನ್ ಮಾಡು ಅಂತಿದ್ದಾರೆ ಅಂದುಕೊಂಡು ನಾನು ಪೆದ್ದನ ಹಾಗೆ ಫೋನ್ ತೆಗೆದೆ. ಅದು ಆರು ಅನ್ನೋ ಸನ್ನೆಯಂತೆ. ಅಜ್ಜಿ ಕೇಳಿದ್ದು ಅರವತ್ತು ಯುವಾನ್.

ಹೋಟೆಲಿನವರು ನಿಮ್ಮ ಹೆಸರನ್ನು ತಾವೇ ಪೊಲೀಸರಿಗೆ ಕೊಡುತ್ತಾರೆ. ಯಾರದಾದರೂ ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ನೀವೇ ನೋಂದಾಯಿಸಬೇಕು, ಮರೆಯಬೇಡಿ.

ರೈಲಲ್ಲಿ, ನಿಲ್ದಾಣದಲ್ಲಿ ಕುದಿನೀರು ಪುಕ್ಕಟೆ. ಹಾಗಾಗಿ ಬಿಸಿನೀರು ಹಾಕಿ ತಿನ್ನುವ ಉಪ್ಪಿಟ್ಟಿನ ಪೊಟ್ಟಣ ಹತ್ತಾದರೂ ಇರಲಿ. ಪಿಂಗ್‌ಆನ್‌ನಲ್ಲಿ ನಾನು ಉಳಿದಿದ್ದ ಕಡೆಯ ಯಜಮಾನಿ ಒಂದು ಚಮಚ ರುಚಿ ನೋಡಿ ಫೋನಿಗೆ ಏನೋ ಹೇಳಿದರು. ಅನುವಾದ ಬಂತು: "ಖಾರ ಸಾಲದು."